ರೇವಮ್ಮನ ಹೊಂಗೆ ಗಿರಣಿ

ಮಳವಳ್ಳಿಯ ರೇವಮ್ಮ ಯಾರನ್ನೂ ಕ್ಷಮಿಸಿದವಳಲ್ಲ. ಅದಕ್ಕೇ ನನಗೆ ಅವಳೆಂದರೆ ಇಷ್ಟ. ಗಂಡ ಸತ್ತ ಮೇಲೆ ಪೇಟೆಬೀದಿಯ ರಾಗಿ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಬೀಸುವ ಕಲ್ಲನ್ನು ಬಿಚ್ಚಿ, ಉಳಿಯಲ್ಲಿ ಕಚ್ಚು ಹೊಡೆದು, ಮತ್ತೆ ಕೂರಿಸುವ ಕೆಲಸವೂ ಅವಳದೇ.

ಎರಡನೇ ಮಹಾಯುದ್ಧ ಶುರುವಾದ ಮೂರನೇ ವರ್ಷ ಗಿರಣಿಗಳ ಕರೆಂಟು ದರ ಏರಿತು. ಗಿರಣಿಯವರೆಲ್ಲ ಸೇರಿ, ಅಹವಾಲು ಹೇಳಲು ಎದುರು ಸಾಲಿನ ಗಿರಣಿಯ ಕರಿಸಿದ್ದಯ್ಯನನ್ನು ಮೈಸೂರಿಗೆ ಕಳಿಸಿದರು. ಜವಳಿ ವ್ಯಾಪಾರದಲ್ಲಿ ಗಂಟು ಮಾಡಿಕೊಂಡು ದೊಡ್ಡ ಮೋಟಾರು ಹಾಕಿಸಿದ್ದವನು. ಕಲ್ಲನ್ನು ಒಂದು ದಿನವೂ ಮುಟ್ಟಿದವನಲ್ಲ. ಹೋದವನು ತನಗೊಬ್ಬನಿಗೇ ಕರಾರು ಮಾಡಿಕೊಂಡು ಬಂದ. ತಿಂಗಳಿಗೆ ಗೊತ್ತುಮಾಡಿದಷ್ಟು ಯೂನಿಟ್ಟು ಉರಿಸಿದರೆ ಅಗ್ಗದ ದರ. ಉರಿಸದಿದ್ದರೂ ಅಷ್ಟಕ್ಕೂ ಹಣ ಕಟ್ಟಬೇಕು. ಸಣ್ಣ ಗಿರಣಿಗಳ ಮಾತನ್ನು ಎತ್ತಲೇ ಇಲ್ಲ, ಆ ನಯವಂಚಕ.

"ಕಲ್ಲು ನಂಗೇ ಮಾರ್ಬುಡು ಕಣಮ್ಮ. ಎಂಗ್ಸು ನೀನು, ಯಾಕೆ ಒದ್ದಾಡ್ತೀಯ?" ಎಂದು ಅವಳ ಬಾಗಿಲಲ್ಲೇ ನಿಂತು ನಕ್ಕ.

ರೇವಮ್ಮನ ಮೈಯೆಲ್ಲ ಉರಿಯಿತು. ಮಾರನೆಯ ವಾರ ಕರೆಂಟಿನ ತಂತಿ ಕೀಳಿಸಿದಳು. ಕಡಗ ಮಾರಿ, ಮದ್ದೂರಿನ ಆಲೆಮನೆಯೊಂದರಲ್ಲಿ ತುಕ್ಕು ಹಿಡಿದಿದ್ದ ಎಣ್ಣೆ ಎಂಜಿನ್ನನ್ನು ಗಾಡಿಯಲ್ಲಿ ತಂದಳು. ಸೀಮೆಎಣ್ಣೆ ಸಿಗದ ಕಾಲ. ಅದಕ್ಕೆ ಹೊಂಗೆಯೆಣ್ಣೆ ಕುಡಿಸಿದಳು.

"ಬೀಸೋಕೆ ಕಾಸು ಬ್ಯಾಡ. ರಾಗಿ ಜತೇಲಿ ಒಂದ್ ಮೊರ ವೊಂಗೆಬೀಜ ತನ್ನಿ" ಎಂದು ಹಳ್ಳಿಹಳ್ಳಿಗೆ ಹೇಳಿಕಳಿಸಿದಳು. ಬೇಲಿಯಲ್ಲಿ ಬಿದ್ದು ಹಾಳಾಗುವ ಬೀಜಕ್ಕೆ ಹಿಟ್ಟು ಸಿಗುತ್ತದೆಂದರೆ ಯಾವ ಹೆಂಗಸು ಬಿಟ್ಟಾಳು? ಗಾಣದವನು ಹಿಂಡಿಯನ್ನು ಕೂಲಿಗೆ ಇಟ್ಟುಕೊಂಡು ಎಣ್ಣೆ ತೆಗೆದುಕೊಡುತ್ತಿದ್ದ. ಎಂಜಿನ್ನಿಗೆ ಕುಡಿಸಿ ಮಿಕ್ಕಿದ್ದನ್ನು ಅವಳು ಮಾರಿಕೊಳ್ಳುತ್ತಿದ್ದಳು. ಆರು ತಿಂಗಳಲ್ಲಿ ಕರಿಸಿದ್ದಯ್ಯನ ಗಿರಣಿಯ ಬಾಗಿಲಲ್ಲಿ ನಾಯಿ ಮಲಗಿತು. ಕೆಲಸ ಬಲ್ಲ ಆಳುಗಳೂ ಬಿಟ್ಟುಹೋದರು.

ಕೊನೆಗೆ ಅವನೇ ಬಂದ. "ಅರ್ಧ ರಾಗಿನಾದ್ರೂ ನನ್ ಕಡೀಕ್ ಕಳ್ಸು ರೇವಮ್ಮ. ಬೀಸ್ದೆ ಇದ್ರೂ ದುಡ್ಡು ಕಟ್ತಾ ಇವ್ನಿ."

"ಕಟ್ಟೋ ದುಡ್ಡು ಯಾಕ್ ಆಳ್ಮಾಡ್ತೀಯ? ಸುಮ್ಕೆ ಓಡ್ಸು. ಸದ್ದು ಕೇಳುದ್ರೆ ಜನ ಬತ್ತಾರೆ."

ದಡ್ಡ ನಂಬಿದ. ಮರುದಿನದಿಂದ ಬೆಳಗಿನಿಂದ ಸಂಜೆವರೆಗೆ ಖಾಲಿ ಗಿರಣಿ ಗಡಗಡ ಎಂದಿತು. ನಡುವೆ ಕಾಳಿಲ್ಲದಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ರೇವಮ್ಮನ ಬಳಿ ಕಾಳು ಸುರಿಯುತ್ತಿದ್ದ ಪಟ್ಟಲಮ್ಮನಿಗೆ ತಡೆಯಲಾಗಲಿಲ್ಲ.

"ಬರೀ ಕಲ್ಲು ತಿರುಗ್ತಾ ಅದೆ ಕಣಕ್ಕ. ಒಂದ್ ಮಾತು ಯೋಳ್ಬಾರ್ದಾ?"

"ಸವೀಲಿ ಬುಡು."

ಪಾಪ ಎನ್ನುವವರು ಎನ್ನಲಿ, ನಾನಂತೂ ಎನ್ನುವುದಿಲ್ಲ.

ಎರಡು ತಿಂಗಳಿಗೆ ಅವನ ಮಗಳ ಮದುವೆಯಾಯಿತು. ಬೀಗರೂಟದ ರಾಗಿಯನ್ನು ಜಂಬಕ್ಕೆ ತನ್ನ ಗಿರಣಿಯಲ್ಲೇ ಬೀಸಿಸಿದ. ಬಂಡೂರು ಕುರಿಯ ಬಾಡು, ಬಿಸಿ ಮುದ್ದೆ. ಬೀಗರು ಮೊದಲ ತುತ್ತು ಬಾಯಿಗಿಟ್ಟರು, ಹಲ್ಲಿಗೆಲ್ಲ ಕಲ್ಲುಪುಡಿ. ಗಂಡಿನ ಅಪ್ಪ ಎಲೆಯ ಮೇಲೆಯೇ ಉಗಿದು ಎದ್ದ. ಅವನ ಹಿಂದೆ ಪಂಕ್ತಿಗೆ ಪಂಕ್ತಿಯೇ ಎದ್ದಿತು. ಕರಿಸಿದ್ದಯ್ಯ ಕೈಮುಗಿದುಕೊಂಡು ಒಬ್ಬೊಬ್ಬರ ಕಾಲಿಗೂ ಬೀಳುತ್ತಿದ್ದ.

ಎದ್ದು ಹೋಗದೆ ಕೂತಿದ್ದವಳು, ಊರವರ ಜತೆ ಊಟಕ್ಕೆ ಬಂದಿದ್ದ ರೇವಮ್ಮ ಒಬ್ಬಳೇ. ಮುದ್ದೆ ಮುಟ್ಟದೆ, ಬಾಡನ್ನು ಮಾತ್ರ ಸಾವಕಾಶವಾಗಿ ತಿಂದು ಮುಗಿಸಿ, ಇನ್ನೊಂದು ಸೌಟು ಹಾಕಿಸಿಕೊಂಡಳು.