ಸದ್ದು ಸಾಲದ ಸೆಟ್ಟು

ಬೆಸಗರಹಳ್ಳಿಯ ಕೆಂಪರಾಜುವಿನ ಆಂಪ್ಲಿಫೈಯರ್‌ಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಅವನ ಕಿವಿ. ಇದು ಹೆಂಡತಿ ಮಂಗಳಮ್ಮನಿಗೆ ಗೊತ್ತಿತ್ತು, ಅಕ್ಕಪಕ್ಕದವರಿಗೆ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಾಗಲೇಬಾರದು ಅಂತ ಅವನೇ ಹಟ ಹಿಡಿದಿದ್ದ ಅಂದರೂ ಸರಿಯೇ. ಬರೀ ಹಾಡು ಕೇಳುವ ಮಾತಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಆಸಾಮಿ ಮದ್ದೂರಿನ ಒಂದು ರೈಸ್‌ಮಿಲ್ಲಿನಲ್ಲಿ ಆಪರೇಟರು. ಅಲ್ಲಿ ದುಡಿಯುವವರ ಕೈಕಾಲೆಲ್ಲ ಇವನ ಕಿವಿಯನ್ನು ನಂಬಿಕೊಂಡಿದ್ದವು.

ಹೇಗೆ ಅಂದರೆ, ಆ ಮಿಲ್ಲಿನಲ್ಲಿ ಒಂದು ರೂಢಿ. ಮೋಟರಿನ ಸ್ವಿಚ್ಚು ಇರುವುದು ಒಂದು ಮೂಲೆಯಲ್ಲಿ, ಭತ್ತವನ್ನು ಮೇಲಕ್ಕೆ ಎತ್ತುವ ಬೆಲ್ಟು ಇರುವುದು ಇನ್ನೊಂದು ಮೂಲೆಯ ಗುಂಡಿಯಲ್ಲಿ. ಇಲ್ಲಿದ್ದವರಿಗೆ ಅಲ್ಲಿದ್ದವರು ಕಾಣುವುದಿಲ್ಲ. ಸ್ವಿಚ್ಚು ಹಾಕುವ ಮುಂಚೆ ಆಪರೇಟರು ‘ಹಾಕ್ತೀನಿ’ ಅಂತ ಕೂಗಬೇಕು. ಗುಂಡಿಯೊಳಗೆ ಯಾರಾದರೂ ಇದ್ದರೆ ‘ತಡಿ’ ಅನ್ನಬೇಕು. ಗುಂಡಿಯಿಂದ ಮಾತು ಬರದಿದ್ದರೆ ಯಾರೂ ಇಲ್ಲ ಅಂತ ಅರ್ಥ. ಮಾಲೀಕನ ಅಪ್ಪನ ಕಾಲದಿಂದ ಹೀಗೇ ನಡೆದಿತ್ತು, ಒಬ್ಬರಿಗೂ ಗಾಯ ಆಗಿರಲಿಲ್ಲ. ಹಾಗಾಗಿ ಬದಲಿಸುವ ಯೋಚನೆ ಯಾವ ಪುಣ್ಯಾತ್ಮನಿಗೂ ಬರಲಿಲ್ಲ.

ಇಪ್ಪತ್ತೈದು ವರ್ಷ ಆ ಗದ್ದಲದಲ್ಲಿ ನಿಂತ ಕಿವಿ ಹೇಗೆ ತಾನೆ ಉಳಿದೀತು? ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಸ್ಟೀರಿಯೋ ಮುಂದೆ ಕೂರುವುದು ಅವನಿಗಿದ್ದ ಒಂದೇ ಶೋಕಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಸ್ಪೀಕರ್ ಪೆಟ್ಟಿಗೆಗಳನ್ನು ಹಲಸಿನ ಹಲಗೆಯಲ್ಲಿ ಎದುರಿಗೆ ನಿಂತು ಮಾಡಿಸಿದ್ದ. ಈಚೆಗೆ ಹಾಡಿನಲ್ಲಿ ತಾಳದ ಕಿಣಿಕಿಣಿ ಮಾಯವಾಗಿ, ಹಾಡುವವರು ಬಾಯಿಗೆ ಟವೆಲ್ಲು ಮುಚ್ಚಿಕೊಂಡ ಹಾಗೆ ಕೇಳತೊಡಗಿತು. ವಾಲ್ಯೂಮಿನ ತಿರುಪು ತಿರುಗಿಸಿದ. ಇನ್ನೂ ಒಂದಿಷ್ಟು ತಿರುಗಿಸಿದ.

“ವಸಿ ಕಮ್ಮಿ ಮಾಡಿ, ಎಮ್ಮೆ ಬೆದರ್ತಾ ಅದೆ,” ಅಂದಳು ಮಂಗಳಮ್ಮ.

“ಏನಂದೆ?”

“ಎಮ್ಮೆ.”

“ಆಂಪ್ಲಿಫೈಯರ್ ವೀಕಾಗ್ಬಿಟ್ಟದೆ ಕಣೆ. ಅಳೇದಲ್ವಾ,” ಅಂದ ಅವನು.

ಮದ್ದೂರಿನ ರಿಪೇರಿ ಅಂಗಡಿಯ ವಹಾಬ್ ಸೆಟ್ಟು ಬಿಚ್ಚಿ, ಧೂಳು ಹೊಡೆದು, ತನ್ನ ಸ್ಪೀಕರಿಗೇ ಹಾಕಿ ನೋಡಿದ. ಅಂಗಡಿಯ ಗಾಜು ನಡುಗಿತು. ಇವನು ಮಾತ್ರ ಕತ್ತು ಮುಂದೆ ಚಾಚಿಕೊಂಡೇ ಕೂತಿದ್ದ. ವಹಾಬ್ ಅದನ್ನು ನೋಡಿದ.

“ಸೆಟ್ಟು ಗಟ್ಟಿ ಐತೆ ಅಣ್ಣ, ಇದ್ಕೆ ದುಡ್ಡು ಸುರೀಬ್ಯಾಡ. ಮಂಡ್ಯದಲ್ಲಿ ಕಿವಿ ಡಾಕ್ಟ್ರಿಗೆ ಒಂದ್ಕಿತ ತೋರ್ಸು,” ಅಂತ ಜೋರಾಗಿಯೇ ಹೇಳಿದ.

ಕೆಂಪರಾಜುವಿಗೆ ಮೂಗಿನ ತುದಿಯಲ್ಲೇ ಕೋಪ. “ರಿಪೇರಿ ಬರಾಕಿಲ್ಲ ಅಂದ್ರೆ ಬರಾಕಿಲ್ಲ ಅನ್ನು. ನಾನೇನ್ ಕಿವುಡ್ನಾ?” ಅಂದವನೇ ಸೆಟ್ಟು ಕಂಕುಳಲ್ಲಿ ಇರುಕಿಕೊಂಡು ಹೊರಟ. ಕಿವುಡ ಆಪರೇಟರನ್ನು ಯಾವ ಮಾಲೀಕ ಇಟ್ಟುಕೊಂಡಾನು? ಆ ಭಯ ಒಳಗೆ ಕೂತು ಕೊರೆಯುತ್ತಿತ್ತು, ಕೋಪ ಮೇಲಿನ ಹೊದಿಕೆ ಅಷ್ಟೆ.

ಭಾನುವಾರ ಮಂಡ್ಯಕ್ಕೆ ಹೋದ, ಡಾಕ್ಟರ ಹತ್ತಿರಕ್ಕಲ್ಲ. ಕೈಯಲ್ಲಿದ್ದ ಬೋನಸ್ಸಿಗೆ ಹೊಸದು ಸಿಗುವ ಹಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯವನಿಗೆ ತನ್ನ ಚೆನ್ನಾಗಿದ್ದ ಸೆಟ್ಟನ್ನು ಕೊಟ್ಟು, ಮೇಲೆ ಬೋನಸ್ಸನ್ನೂ ಕೊಟ್ಟು, ಯಾವುದೋ ಛತ್ರದಲ್ಲಿ ದುಡಿದು ಸುಸ್ತಾಗಿದ್ದ ದೊಡ್ಡ ಆಂಪ್ಲಿಫೈಯರ್ ತಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ.

ಸಂಜೆ ಹಾಕಿದ. ಅಡುಗೆಮನೆಯ ಸ್ಟ್ಯಾಂಡಿನಿಂದ ತಟ್ಟೆ ಜಾರಿ ಬಿತ್ತು, ಎದುರುಮನೆಯವರು ಬಾಗಿಲು ಹಾಕಿಕೊಂಡರು. ಅವನಿಗೆ ಹಾಡು ಕೇಳಿಸಿತು. ಎಷ್ಟು ದಿನದ ಮೇಲೆ ಕೇಳಿಸಿತು! ಕಣ್ಣಲ್ಲಿ ನೀರು ಬಂತು. “ನೋಡ್ದಾ? ಕಿವಿಗೆ ಏನೂ ಆಗಿಲ್ಲ,” ಅಂದ.

ಮಂಗಳಮ್ಮನಿಗೂ ಅಳು ಬಂತು, ಬೇರೆ ಕಾರಣಕ್ಕೆ. ಅವನ ಪಕ್ಕದಲ್ಲೇ ನಿಂತು, “ನಾಳೀಕೆ ಮಿಲ್‌ಗೆ ಓಗ್ಬ್ಯಾಡಿ. ಮೊದ್ಲು ಡಾಕ್ಟ್ರ ತಾವ ಓಗವ,” ಅಂದಳು. ಅವನು ತೊಡೆ ತಟ್ಟಿಕೊಂಡು ತಾಳ ಹಾಕುತ್ತಲೇ ಇದ್ದ.

ಸೋಮವಾರ ಎದ್ದಾಗ ತಲೆಯೊಳಗೆಲ್ಲ ಗುಂಯ್ ಅನ್ನುತ್ತಿತ್ತು. ಬಸ್ಸಿನ ಹಾರ್ನು ಕೂಡ ದೂರದ ಊರಿನಿಂದ ಬಂದ ಹಾಗಿತ್ತು. ನಿದ್ದೆ ಕೆಟ್ಟಿದ್ದಕ್ಕೆ ಹೀಗೆ ಅಂದುಕೊಂಡ.

ಮಿಲ್ಲಿಗೆ ಮಳವಳ್ಳಿ ಕಡೆಯ ಭತ್ತದ ಲೋಡು ಬಂದಿತ್ತು. ಬೆಲ್ಟಿಗೆ ಗೋಣಿದಾರ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಹಮಾಲಿ ಸ್ವಾಮಿ ಗುಂಡಿಗೆ ಇಳಿದಿದ್ದ, ಹೊಳಲಿನ ಹುಡುಗ, ಮದುವೆಯಾಗಿ ವರ್ಷವಾಗಿರಲಿಲ್ಲ.

ಕೆಂಪರಾಜು ಸ್ವಿಚ್ಚಿನ ಮುಂದೆ ನಿಂತು “ಹಾಕ್ತೀನಿ” ಅಂತ ಕೂಗಿದ. ಕಾದ. ಅವಸರದ ಮನುಷ್ಯನಲ್ಲ ಅವನು, ಯಾವತ್ತಿಗಿಂತ ಹೆಚ್ಚೇ ಕಾದ. ಕಿವಿಯಲ್ಲಿ ಅದೇ ಗುಂಯ್. ಗುಂಡಿಯಿಂದ ಮಾತು ಬರಲಿಲ್ಲ. ಹಾಕಿದ.

ಜನ ಓಡುವುದು ಕಂಡಿತು. ಎಲ್ಲರ ಬಾಯಿ ತೆರೆದಿತ್ತು. ಸ್ವಿಚ್ಚು ಆರಿಸಿದವನೇ ಓಡಿದ. ಸ್ವಾಮಿಯನ್ನು ಮೇಲಕ್ಕೆ ಎಳೆದು ಭತ್ತದ ಮೇಲೆ ಮಲಗಿಸಿದ್ದರು. ಬಲಗೈಗೆ ಯಾರೋ ಟವೆಲ್ಲು ಸುತ್ತಿದ್ದರು, ಅದು ಆಗಲೇ ಕೆಂಪಾಗಿತ್ತು. ಕೆಂಪರಾಜು ಅವನ ಪಕ್ಕ ಕುಸಿದು ಕೂತ.

“ಯಾಕ್ಲಾ ಕೂಗ್ನಿಲ್ಲ? ತಡಿ ಅಂತ ಒಂದ್ ಮಾತು ಅನ್ನಾಕಾಗ್ನಿಲ್ವಾ ನಿಂಗೆ?”

ಸ್ವಾಮಿಯ ತುಟಿ ಅಲ್ಲಾಡಿತು. ಕೆಂಪರಾಜು ಸುತ್ತ ನಿಂತವರ ಮುಖ ನೋಡಿದ. ಒಬ್ಬರೂ ಅವನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ರಸ್ತೆಯ ಆಚೆಯಿಂದ ಓಡಿಬಂದಿದ್ದ ಟೀ ಅಂಗಡಿಯವನು ಕೊನೆಗೆ ಬಾಯಿಬಿಟ್ಟ.

“ಮೂರ್ ಸಲ ಕೂಗ್ದ ಕಣಣ್ಣ. ನನ್ನಂಗ್ಡೀಗಂಟ ಕೇಳ್ತು.”

ಈ ಮಾತನ್ನು ಕೆಂಪರಾಜುವಿಗೆ ಎರಡು ಸಲ ಹೇಳಬೇಕಾಯಿತು.