ಸವೆಯದ ಬಿಲ್ಲೆ

ಜಡಿಗೇನಹಳ್ಳಿ ಕಡೆಯ ಆ ಕೆರೆಗೆ, ಮುಳುಗುವವರನ್ನು ಎತ್ತಲು ಇದ್ದದ್ದು ಒಂದೇ ಒಂದು ಮೋಟಾರ್ ದೋಣಿ. ಅದನ್ನು ನೋಡಿಕೊಳ್ಳುತ್ತಿದ್ದವನು ಮುನಿಕೃಷ್ಣ. ಒಂಬತ್ತು ವರ್ಷದಲ್ಲಿ ಐದು ಜನರನ್ನು ಜೀವಂತ ದಡಕ್ಕೆ ತಂದಿದ್ದ. ದೋಣಿಯ ಮೇಲೆ ಅವನಿಗೆ ಹೆಂಡತಿ ವಾಣಿ ಮುನಿಸಿಕೊಳ್ಳುವಷ್ಟು ಪ್ರೀತಿ.

ನಗರದ ಕೊಳಚೆಯನ್ನು ಸೋಸಿ ಬಿಟ್ಟ ನೀರು ಕೆರೆ ತುಂಬಿದ ಮೇಲೆ ದೋಣಿಯ ಪ್ರೊಪೆಲ್ಲರ್, ಅವನ ಬಾಯಲ್ಲಿ ಫ್ಯಾನು, ಚುಕ್ಕೆ ಚುಕ್ಕೆಯಾಗಿ ತಿಂದುಹೋಗತೊಡಗಿತು. ಮೆಕ್ಯಾನಿಕ್ ಅಂಜನ್ ಬಂದು ಹೊಸ ಫ್ಯಾನು ಹಾಕಿ, ಪಕ್ಕದಲ್ಲೇ ಸತುವಿನ ಬಿಲ್ಲೆಯೊಂದನ್ನು ಬಿಗಿದ. "ಇದಿದ್ರೆ ಫ್ಯಾನಿಗೆ ಏನೂ ಆಗಲ್ಲ ಕಣಣ್ಣ" ಎಂದ. ಹೇಗೆ ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಎಂದರೆ ಲೋಹ ಕಂಡಲ್ಲೆಲ್ಲ ಬಣ್ಣ. ಬಿಲ್ಲೆ ಪುಡಿಪುಡಿಯಾಗಿ ಉದುರುವುದನ್ನು ಕಂಡು, ಇದೂ ಹಾಳಾಗುತ್ತಿದೆ ಎಂದುಕೊಂಡ ಮುನಿಕೃಷ್ಣ. ಉಜ್ಜಿ ತೊಳೆದು, ಬಿಲ್ಲೆಗೂ ಫ್ಯಾನಿಗೂ ಮೂರು ಕೋಟ್ ಕೆಂಪು ಬಣ್ಣ ಬಳಿದು, ಕುಂಕುಮವಿಟ್ಟು ಬೂದುಗುಂಬಳ ಒಡೆದ. ಮುಂದಿನ ವರ್ಷವೂ ಹಾಗೇ. ಬಿಲ್ಲೆ ಒಂದು ಚೂರೂ ಸವೆಯಲಿಲ್ಲ. ಬಂದವರಿಗೆಲ್ಲ ತೋರಿಸಿ ಬೀಗಿದ. ಬಣ್ಣದ ಮರೆಯಲ್ಲಿ ಫ್ಯಾನಿಗೆ ಗೆದ್ದಲು ಹಿಡಿದಂತಾಗಿದ್ದು ಅವನಿಗೆ ಕಾಣಲಿಲ್ಲ.

ಈ ಸಲ ದೋಣಿಯ ತಪಾಸಣೆಗೆ ಇಲಾಖೆಯ ಸಾಹೇಬರು ಬಂದರು. ತೂಬಿನವರೆಗೆ ಹೋಗಿ ಬಂದರೆ ದೋಣಿ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ. ಬದಲಿ ದೋಣಿ ಸಿಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅರ್ಧ ದಾರಿಯಲ್ಲಿ ಫ್ಯಾನಿನ ಎರಡು ರೆಕ್ಕೆ ಮುರಿದು ನೀರುಪಾಲಾದವು. ದೋಣಿಯನ್ನು ಹಗ್ಗ ಕಟ್ಟಿ ಎಳೆದು ತಂದರು.

ಅಂಜನ್ ಬಿಲ್ಲೆ ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ, ಇದಕ್ಯಾಕಣ್ಣ ಬಣ್ಣ ಹೊಡ್ದೆ? ನೀರು ಇದನ್ನ ತಿನ್ಲಿ ಅಂತ್ಲೇ ಇಟ್ಟಿದ್ದು. ಇದು ಸವೆದಿದ್ರೆ ಫ್ಯಾನು ಉಳೀತಿತ್ತು. ಈಗ ಮೋಟಾರಿನ ತಳಾನೂ ತೂತಾಗೈತೆ."

"ಚೆನ್ನಾಗಿರ್ಲಿ ಅಂತ ಹೊಡ್ದೆ ಕಣಪ್ಪ..." ಎನ್ನುತ್ತ ಮುನಿಕೃಷ್ಣ ಬಿಲ್ಲೆಯ ಬಣ್ಣವನ್ನು ಉಗುರಿನಿಂದ ಕೆರೆದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ದೋಣಿಯನ್ನು ಲಾರಿಗೆ ಏರಿಸುವಾಗ ಕೇಳಿದ: "ಸಾರ್, ನಾಳೆ ಯಾರಾದ್ರೂ ಮುಳುಗಿದ್ರೆ?"

"ಒಂದು ಬೋರ್ಡು ಬರೆದು ನಿಲ್ಸಪ್ಪ" ಎಂದರು ಸಾಹೇಬರು.

ಮನೆಯಲ್ಲಿ ಅದೇ ಕೆಂಪು ಬಣ್ಣ ಅರ್ಧ ಡಬ್ಬ ಉಳಿದಿತ್ತು. ದಡದಲ್ಲಿ ಕುಕ್ಕರಗಾಲಲ್ಲಿ ಕೂತು ತಗಡಿನ ಮೇಲೆ ಬರೆದ: 'ನೀರಿಗೆ ಇಳಿಯಬೇಡಿ. ಇಲ್ಲಿ ದೋಣಿ ಇಲ್ಲ.'