ಮೆಣಸಿನ ಕಾಳಿನಷ್ಟು ಮಂಗಳ

ಆಗೆಲ್ಲ ಹಾನುಬಾಳು ಕಡೆ ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಕಾಳುಮೆಣಸಿನದು ಶುರುವಾಗುತ್ತಿತ್ತು. ಮನೆ ಮುಂದಿನ ಕಣದಲ್ಲಿ ಒಣಗುವ ಕಾಫಿ ಹಣ್ಣಿನ ಹುಳಿ ವಾಸನೆ. ನಾಲ್ಕನೇ ಕ್ಲಾಸಿನ ನಾನು ಗ್ರಹಗಳ ಪಾಠ ತಲೆಗೆ ಹತ್ತದೆ ಅಳುತ್ತಿದ್ದೆ. ಅಪ್ಪನ ತಂಗಿ ಸುಮತ್ತೆ, "ಅಳ್ಬೇಡ ಕಣೇ, ಬಾ" ಅಂತ ಕಣಕ್ಕೆ ಎಳೆದುಕೊಂಡು ಹೋದಳು.

ಚಕ್ಕೋತದ ಹಣ್ಣಿಟ್ಟು ಗುರು ಎಂದಳು. ಕಿತ್ತಳೆಗೆ ಬಾಳೆನಾರು ಸುತ್ತಿದರೆ ಶನಿ. ದೂರದಲ್ಲಿ ಎರಡು ನಿಂಬೆಹಣ್ಣು, ಯುರೇನಸ್ಸು, ನೆಪ್ಚೂನು. ಕಾಫಿ ಹಣ್ಣುಗಳು ಶುಕ್ರ, ಭೂಮಿ. ಬುಧನಿಗೆ ಒಣ ಮೆಣಸು. ಪ್ಲೂಟೊ ಅಂತಿಟ್ಟ ರಾಗಿಕಾಳನ್ನು ಕೋಳಿ ಕುಕ್ಕಿ ತಿಂದುಬಿಟ್ಟಿತು! ಆಮೇಲೆ ಗೊಂಚಲಿನಿಂದ ಹಣ್ಣಾದ ಕೆಂಪು ಮೆಣಸಿನ ಕಾಳು ಬಿಡಿಸಿ ಭೂಮಿಯ ಪಕ್ಕ ಇಟ್ಟಳು. "ಇವ್ನು ಮಂಗಳ. ಬರೀ ಕಲ್ಲು, ಕೆಂಪು ಧೂಳು."

"ಸೂರ್ಯ?"

"ಅಷ್ಟು ದೊಡ್ಡ ಹಣ್ಣು ಈ ಹೋಬ್ಳೀಲಿ ಎಲ್ಲೈತೆ ಮಾರಾಯ್ತಿ!"

ಸುಮತ್ತೆಗೆ ಟೀಚರ್ ಆಗುವ ಆಸೆ. ಪಿಯುಸಿ ಆದಮೇಲೆ ಮನೆಯವರು ಓದು ಸಾಕೆಂದಿದ್ದರು. ನೋಡಲು ಬಂದಿದ್ದ ಬಾಳ್ಳುಪೇಟೆಯ ಹುಡುಗ ಮಾತ್ರ ಮದುವೆಯಾದ ಮೇಲೂ ಓದಲಿ ಎಂದಿದ್ದ. ಆ ದಿನಗಳಲ್ಲಿ ಅವಳು ಅಷ್ಟು ಖುಷಿಯಾಗಿದ್ದುದಕ್ಕೆ ಅದೇ ಕಾರಣ.

ಆ ಭಾನುವಾರ ಹುಡುಗನ ದೊಡ್ಡಪ್ಪ ಬಂದರು. ಕಡುಬು, ಕೋಳಿಸಾರು ಗಡದ್ದಾಗಿ ಹೊಡೆದು, ಕೈ ತೊಳೆದು ಹೇಳಿದರು: "ಹುಡ್ಗಿ ಜಾತ್ಕದಲ್ಲಿ ಏಳನೇ ಮನೇಲಿ ಕುಜ ಕೂತವ್ನೆ. ನಮ್ ಹುಡ್ಗನ ಆಯಸ್ಸಿಗೆ ತೊಂದ್ರೆಯಂತೆ. ಬ್ಯಾಡ ಬುಡಿ."

ಕುಜ ಅಂದರೆ ಮಂಗಳನೇ ಎಂದು ನನಗೆ ಗೊತ್ತಿತ್ತು. ಕಣಕ್ಕೆ ಓಡಿ ಆ ಕೆಂಪು ಕಾಳು ತಂದು ಅವರ ಮೂಗಿನ ಮುಂದೆ ಹಿಡಿದೆ. "ನೋಡಿ, ಮಂಗಳ ಇಷ್ಟೇ ಇರೋದು! ಅವ್ನು ನಮ್ಮನೇಗೆ ಬಂದೇ ಇಲ್ಲ!"

ಅಜ್ಜಿ ಕೆನ್ನೆಗೆ ಬಾರಿಸಿದಳು. "ಅಧಿಕಪ್ರಸಂಗಿ!" ಅಪ್ಪ ಆ ಮನುಷ್ಯನಿಗೆ, "ಇನ್ನೊಂದ್ ಲೋಟ ಕಾಫಿ ತಗಳಿ" ಎಂದರು. ಆ ಕಾಫಿ ತಂದುಕೊಟ್ಟವಳು ಸುಮತ್ತೆ. ಥೂ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ವರ್ಷ ಅವಳನ್ನು ದೋಣಿಗಲ್ಲಿನ, ಹೆಂಡತಿ ಸತ್ತ ಒಬ್ಬನಿಗೆ ಕಟ್ಟಿದರು. ಅವನದೂ ಕುಜದೋಷದ ಜಾತಕ, ಸರಿಹೋಯಿತಂತೆ. ಓದಿನ ಮಾತು ಅಲ್ಲಿಗೇ ಮುಗಿಯಿತು. ಮಂಗಳ ಪಾಪ ತನ್ನ ಪಾಡಿಗೆ ತಿರುಗುತ್ತಿದ್ದ. ಅವಳ ಬದುಕು ಹಾಳು ಮಾಡಿದ್ದು ನಮ್ಮ ಜಗಲಿಯ ಮೇಲೆ ಕೂತಿದ್ದ ದೊಡ್ಡವರು.

ಮೊನ್ನೆ ಹೋದಾಗ ಸುಮತ್ತೆಯ ಅಂಗಳದಲ್ಲೂ ಮೆಣಸು ಒಣಗುತ್ತಿತ್ತು. ಒಂದು ಕೆಂಪು ಕಾಳು ಆರಿಸಿ, "ಅತ್ತೆ, ಇವ್ನು ಯಾರು ಹೇಳು?" ಎಂದೆ.

ಅವಳು ಅದನ್ನು ಇಸಿದುಕೊಂಡು ರಾಶಿಗೆ ಹಾಕಿದಳು. "ಅವೆಲ್ಲ ಎಲ್ಲಿ ನೆನ್ಪೈತೆ ಬುಡೇ. ಬಾ, ಉಣ್ಣು."